ಬಂತು, ಬಂತಂತೆ, ಬಂದಿರಬೇಕು: ಸಂಗತಿ ಯಾವುದು, ಅಭಿಪ್ರಾಯ ಯಾವುದು ಅಂತ ಗುರುತಿಸುವುದು ಹೇಗೆ

ಮೊನ್ನೆ ಭಾನುವಾರ ತಮ್ಮನ ಮಗಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಒಂಬತ್ತನೇ ಕ್ಲಾಸು. "ಅತ್ತೆ, ಹತ್ತು ವಾಕ್ಯ ಕೊಟ್ಟಿದ್ದಾರೆ. ಯಾವುದು ಸಂಗತಿ, ಯಾವುದು ಅಭಿಪ್ರಾಯ ಅಂತ ಬರೀಬೇಕು. ಎಂಟು ಆಯ್ತು. ಎರಡು ಮಾತ್ರ ಯಾವ ಕಡೆಗೂ ಕೂರ್ತಿಲ್ಲ" ಅಂದಳು. ಒಂದು, "ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರ." ಇನ್ನೊಂದು, "ಜೋಗ ನೋಡಲು ಮಳೆಗಾಲವೇ ಸರಿಯಾದ ಸಮಯ."

ಎರಡು ವಾಕ್ಯಗಳ ಮುಂದೆ ಅವಳು ನಿಂತಳಲ್ಲ, ಅದು ನನಗೆ ಖುಷಿ ಕೊಟ್ಟಿತು. ನಾನು 21 ವರ್ಷ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವಳು. ತಾಲ್ಲೂಕುಗಳಿಂದ ಬಂದ ಕಾಪಿ, ಅಂದರೆ ವರದಿಗಾರರು ಬರೆದ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ರಾತ್ರಿ ಪುಟವನ್ನು ಅಚ್ಚಿಗೆ ಬಿಡುವುದು ನನ್ನ ಕೆಲಸ. ಅಷ್ಟೂ ವರ್ಷ ದಿನಾ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಈಗ ಸಾಗರದ ಮನೆಯಲ್ಲಿದ್ದೇನೆ. ಅವಳಿಗೆ ಜಗಲಿಯಲ್ಲಿ ಕೂರಿಸಿ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾದ ಸಾಮಾನು ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಒಂದು ಪೆನ್ಸಿಲ್.

ಮೊದಲು ಕೇಳಬೇಕಾದ ಪ್ರಶ್ನೆ

ಸಂಗತಿ ಅಂದರೆ ನಿಜ, ಅಭಿಪ್ರಾಯ ಅಂದರೆ ನಿಜ ಅಲ್ಲದ್ದು ಅಂತ ಜಾಸ್ತಿ ಜನ ತಿಳಿದುಕೊಂಡಿರುತ್ತಾರೆ. ಎಡವುವುದು ಇಲ್ಲೇ. "ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1956ರಲ್ಲಿ" ಅನ್ನುವ ಮಾತು ತೆಗೆದುಕೊಳ್ಳಿ. ಇದು ತಪ್ಪು. 1956ರ ನವೆಂಬರ್ 1ಕ್ಕೆ ಕನ್ನಡ ಪ್ರದೇಶಗಳು ಒಂದಾದವು, ಆದರೆ ಆಗ ಇದ್ದ ಹೆಸರು ಮೈಸೂರು ರಾಜ್ಯ. ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಹಾಗಂತ ಆ ತಪ್ಪು ಮಾತು ಅಭಿಪ್ರಾಯ ಆಗಿಬಿಡುತ್ತದಾ? ಇಲ್ಲ. ಅದು ಸಂಗತಿಯ ಜಾತಿಯದ್ದೇ. ಪರೀಕ್ಷೆ ಮಾಡಿದೆವು, ಸೋತಿತು, ಅಷ್ಟೆ.

"ಕರ್ನಾಟಕ ಅನ್ನುವ ಹೆಸರು ಮೈಸೂರು ರಾಜ್ಯಕ್ಕಿಂತ ಚೆಂದ" ಅಂದರೆ ಅದು ಬೇರೆ ಜಾತಿ. ಯಾವ ಕಡತ ತೆಗೆದರೂ ಇದು ಇತ್ಯರ್ಥ ಆಗುವುದಿಲ್ಲ. ನನಗೂ ಚೆಂದವೇ ಅನ್ನಿಸುತ್ತದೆ, ಆದರೆ ಅದು ನನ್ನ ಮನಸ್ಸಿನ ಮಾತು.

ಹಾಗಾಗಿ ಒಂದು ವಾಕ್ಯ ಎದುರಿಗೆ ಬಂದ ಕೂಡಲೇ "ಇದು ನಿಜವಾ?" ಅಂತ ಕೇಳಬೇಡಿ. "ಇದನ್ನು ಹೇಗೆ ನೋಡುವುದು?" ಅಂತ ಕೇಳಿ. ಅಳೆಯುವುದಕ್ಕೆ, ಎಣಿಸುವುದಕ್ಕೆ, ದಾಖಲೆ ತೆಗೆಯುವುದಕ್ಕೆ, ಹೋಗಿ ಕಣ್ಣಾರೆ ನೋಡುವುದಕ್ಕೆ ಒಂದು ದಾರಿ ಇದ್ದರೆ ನೀಲಿ ಗೆರೆ. ಅಂಥ ದಾರಿಯೇ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಅನ್ನಿಸಬಹುದು ಅಂತಾದರೆ ಕೆಂಪು ಗೆರೆ. ನೀಲಿ ಗೆರೆ ಎಳೆದ ಮೇಲೆ ನಿಜವೋ ಸುಳ್ಳೋ ನೋಡುವ ಕೆಲಸ ಶುರು. ತಾರೀಖು ತಪ್ಪು ಹೇಳಿ ಸಿಕ್ಕಿಬಿದ್ದವರು "ಅದು ನನ್ನ ಅಭಿಪ್ರಾಯ ಬಿಡಿ" ಅಂತ ನುಣುಚಿಕೊಳ್ಳುತ್ತಾರಲ್ಲ, ಅದಕ್ಕೆ ಜಾಗ ಕೊಡಬಾರದು.

ಮಾತಿನ ಬಾಲ ನೋಡಿ

ಈ ವಿಷಯದಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ಹೇಳುವವರಿಗೆ ವಿಷಯ ಹೇಗೆ ಗೊತ್ತಾಯಿತು ಅನ್ನುವುದು ನಮ್ಮ ಕ್ರಿಯಾಪದದ ತುದಿಯಲ್ಲೇ ಇರುತ್ತದೆ.

ಮಳೆ ಬಂತು. ನಾನೇ ನೋಡಿದೆ, ನೆನೆದೆ.

ಮಳೆ ಬಂತಂತೆ. ನಾನು ನೋಡಿಲ್ಲ, ಯಾರೋ ಹೇಳಿದರು.

ಮಳೆ ಬಂದಿರಬೇಕು. ಅಂಗಳ ಒದ್ದೆಯಾಗಿದೆ, ಅದನ್ನು ನೋಡಿ ಊಹಿಸಿದೆ.

ಮಳೆ ಬಂದೀತು. ಮೋಡ ಇದೆ, ಬಂದರೂ ಬರಬಹುದು.

ಮಳೆ ಬರಬೇಕಿತ್ತು. ಇದು ನನ್ನ ಆಸೆ, ಇಲ್ಲಾ ನನ್ನ ಲೆಕ್ಕಾಚಾರ.

ನಮ್ಮ ಅಮ್ಮ ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಈ ಐದನ್ನು ಒಂದು ದಿನವೂ ಅದಲುಬದಲು ಮಾಡಿದವರಲ್ಲ. ಪಕ್ಕದ ಮನೆಯ ಸುದ್ದಿ ಹೇಳುವಾಗ "ಅಂತೆ" ಬಿಟ್ಟರೆ ಅಜ್ಜಿ ಅಲ್ಲೇ ತಡೆಯುತ್ತಿದ್ದರಂತೆ: "ನೀ ಕಂಡ್ಯಾ?"

ಮಾತು ಕೈಯಿಂದ ಕೈಗೆ ದಾಟುವಾಗ ಮೊದಲು ಉದುರುವುದು ಈ ಬಾಲವೇ. "ಮೇಷ್ಟ್ರನ್ನ ಆಸ್ಪತ್ರೆಗೆ ಸೇರಿಸಿದ್ದಾರಂತೆ" ಅಂತ ಹೊರಟದ್ದು, ಮುಂದಿನ ಮನೆಗೆ "ಆಸ್ಪತ್ರೆಗೆ ಸೇರಿಸಿದ್ದಾರೆ, ಸೀರಿಯಸ್ ಇರಬೇಕು" ಆಗುತ್ತದೆ. ಅದರಾಚೆಯ ಮನೆಗೆ "ಮೇಷ್ಟ್ರು ಸೀರಿಯಸ್." ಇದರಲ್ಲಿ ಯಾರೂ ಬೇಕಂತ ಸುಳ್ಳು ಹೇಳಿಲ್ಲ. ಒಬ್ಬರು "ಅಂತೆ" ಬಿಟ್ಟರು, ಇನ್ನೊಬ್ಬರು "ಇರಬೇಕು" ಬಿಟ್ಟರು. ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಂಡು ಸಂಜೆಗೆ ಮನೆಗೆ ಬಂದಿರುತ್ತಾರೆ.

ಬರವಣಿಗೆಯಲ್ಲಿ ಈ ಬಾಲ ವೇಷ ಹಾಕಿಕೊಂಡು ಬರುತ್ತದೆ. "ಎನ್ನಲಾಗಿದೆ", "ಹೇಳಲಾಗುತ್ತಿದೆ", "ತಿಳಿದುಬಂದಿದೆ" ಇವೆಲ್ಲ "ಅಂತೆ"ಯೇ. ಆದರೆ ಕೇಳುವುದಕ್ಕೆ ಗಟ್ಟಿ ಸುದ್ದಿಯ ಹಾಗಿರುತ್ತವೆ, ಅಂದವರು ಯಾರು ಅನ್ನುವುದೂ ಮರೆಯಾಗಿರುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಇಂಥ ಪದ ಕಂಡಾಗೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಯಾರು?" ಅಂತ ಬರೆದು ಕಾಪಿ ವಾಪಸ್ ಕಳಿಸುತ್ತಿದ್ದರು. ನೀವೂ ಹಾಗೇ ಮಾಡಿ. ಪೆನ್ಸಿಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ನಾನು ಬಾಲ ಕತ್ತರಿಸಿದ ರಾತ್ರಿ

ಇದನ್ನು ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಡೆಸ್ಕಿಗೆ ಸೇರಿ ನಾಲ್ಕನೇ ವರ್ಷ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಬಸ್ ಅಪಘಾತದ ಸುದ್ದಿ ಬಂತು. ತಿರುವಿನಲ್ಲಿ ಬಸ್ ಮಗುಚಿ ಇಬ್ಬರು ಪ್ರಯಾಣಿಕರು, ಚಾಲಕ ತೀರಿಕೊಂಡಿದ್ದರು. ವರದಿಗಾರ ಕಳಿಸಿದ ವಾಕ್ಯ ಹೀಗಿತ್ತು: "ಚಾಲಕನ ನಿರ್ಲಕ್ಷ್ಯವೇ ಕಾರಣ ಇರಬಹುದು ಎಂದು ಸ್ಥಳಕ್ಕೆ ಬಂದ ಪೊಲೀಸರು ತಿಳಿಸಿದರು." ಪುಟ ಬಿಡಲು ಹತ್ತು ನಿಮಿಷ ಇತ್ತು. ತಲೆಬರಹಕ್ಕೆ ಇದ್ದದ್ದು ಎರಡು ಸಾಲು, ಸಾಲಿಗೆ ಮೂರು ಪದ. ನಾನು ಹಾಕಿದೆ: "ಚಾಲಕನ ನಿರ್ಲಕ್ಷ್ಯ: ಬಸ್ ಮಗುಚಿ ಮೂವರ ಸಾವು."

"ಇರಬಹುದು" ಹೋಯಿತು. "ಪೊಲೀಸರು ತಿಳಿಸಿದರು" ಹೋಯಿತು. ಉಳಿದದ್ದು ತೀರ್ಪು.

ಸುಮಾರು ತಿಂಗಳಾದ ಮೇಲೆ ಒಬ್ಬರು ಕಚೇರಿಗೆ ಬಂದರು. ಚಾಲಕನ ಅಣ್ಣ. ನಾಲ್ಕು ಮಡಿಕೆ ಮಾಡಿದ ಆ ದಿನದ ಪುಟ ಅವರ ಶರ್ಟಿನ ಜೇಬಿನಲ್ಲಿತ್ತು. ಮಡಿಕೆಯ ಜಾಗದಲ್ಲಿ ಕಾಗದ ಸವೆದು ಅಕ್ಷರ ಅಳಿಸಿತ್ತು. ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿಯ ಜೆರಾಕ್ಸ್ ಇತ್ತು. ಬ್ರೇಕ್ ಫೇಲ್ ಆಗಿತ್ತು ಅಂತ ಅದರಲ್ಲಿ ಬರೆದಿತ್ತು. ಅವರು ಜಗಳ ಆಡಲಿಲ್ಲ. "ನಮ್ಮ ತಮ್ಮನ ಹುಡುಗಿ ಶಾಲೆಗೆ ಹೋಗೋದು ಬಿಟ್ಟಿದೆ ಮೇಡಂ. ನಿಮ್ಮಪ್ಪ ಜನರನ್ನ ಸಾಯಿಸ್ದ ಅಂತಾರಂತೆ" ಅಂದರು.

ತಿದ್ದುಪಡಿ ಹಾಕಿದೆವು. ಒಳಪುಟದಲ್ಲಿ ನಾಲ್ಕು ಸಾಲು. ಮೊದಲ ಪುಟ ಓದಿದವರು ಅದನ್ನೂ ಓದಿದರಾ ಅಂತ ಈಗಲೂ ಯೋಚಿಸುತ್ತೇನೆ. ಆ ದಿನದಿಂದ ಡೆಸ್ಕಿನಲ್ಲಿ ಎಷ್ಟೇ ಅವಸರ ಇರಲಿ, ಸತ್ತವರ ಸಂಖ್ಯೆ ಮತ್ತು ಜಾಗ ಮಾತ್ರ ತಲೆಬರಹಕ್ಕೆ ಕೊಟ್ಟೆ. ಕಾರಣಕ್ಕೆ ಅಲ್ಲಿ ಜಾಗ ಕೊಡಲಿಲ್ಲ.

ಆರೋಪಿ, ಅಪರಾಧಿ ಅನ್ನುವ ಎರಡು ಪದಗಳ ನಡುವೆ ಇರುವುದೂ ಇದೇ ಅಂತರ. ಎಫ್‌ಐಆರ್‌ನಲ್ಲಿ ಒಬ್ಬರ ಹೆಸರಿದೆ ಅನ್ನುವುದು ಸಂಗತಿ, ತೆಗೆದು ನೋಡಬಹುದು. ಅದರೊಳಗೆ ಬರೆದದ್ದು ದೂರು ಕೊಟ್ಟವರ ಮಾತು. ನ್ಯಾಯಾಲಯ ತೀರ್ಪು ಕೊಡುವವರೆಗೆ ಅವರು ಆರೋಪಿ ಮಾತ್ರ.

ಹಾಗಾಗಿ ಯಾವುದೇ ಹೇಳಿಕೆ ಓದುವಾಗ ಎರಡು ಪದರ ಬಿಡಿಸಿ. "ಹೀಗೆ ಅಂತ ಇಂಥವರು ಹೇಳಿದರು" ಅನ್ನುವ ವಾಕ್ಯದಲ್ಲಿ "ಹೇಳಿದರು" ನೀಲಿ, ಅವರು ಹೇಳಿದ್ದು ನೀಲಿಯೂ ಇರಬಹುದು, ಕೆಂಪೂ ಇರಬಹುದು. ಕನ್ನಡ "ವಿಶ್ವ ಲಿಪಿಗಳ ರಾಣಿ" ಅನ್ನುವ ಮಾತು ವಿನೋಬಾ ಭಾವೆಯವರದು ಅಂತ ಪ್ರತಿ ನವೆಂಬರ್‌ನಲ್ಲಿ ಓದುತ್ತೇವೆ. ನಮ್ಮ ಅಕ್ಷರದ ದುಂಡು ನೋಡಿದರೆ ನನಗೂ ಹೌದು ಅನ್ನಿಸುತ್ತದೆ. ಆದರೂ ರಾಣಿ ಅನ್ನುವುದು ಮೆಚ್ಚುಗೆ, ಕೆಂಪು ಗೆರೆ. ಅವರು ಎಲ್ಲಿ, ಯಾವಾಗ ಹೇಳಿದರು ಅನ್ನುವುದು ಹುಡುಕಿ ತೆಗೆಯಬೇಕಾದ ನೀಲಿ ಗೆರೆ.

ಅಂಕಿ ಕಂಡರೆ ಕೈಮುಗಿಯಬೇಡಿ

ಅಂಕಿ ಇದ್ದರೆ ಸಂಗತಿ ಅಂತ ತಮ್ಮನ ಮಗಳು ಒಂದು ಸುಲಭ ಸೂತ್ರ ಮಾಡಿಕೊಂಡಿದ್ದಳು. ಅಂಕಿ ನೀಲಿ, ಸರಿ. ಅದರ ಹಿಂದೆಮುಂದೆ ಕೂತಿರುವ ಪದ ನೋಡಬೇಕಲ್ವಾ? "ರಸ್ತೆಗೆ ಕೇವಲ 12 ಕೋಟಿ", "ರಸ್ತೆಗೆ ಬರೋಬ್ಬರಿ 12 ಕೋಟಿ." ದುಡ್ಡು ಅಷ್ಟೇ. ಒಂದರಲ್ಲಿ ಸರ್ಕಾರ ಜುಗ್ಗ, ಇನ್ನೊಂದರಲ್ಲಿ ಧಾರಾಳಿ. ಕೇವಲ, ಬರೋಬ್ಬರಿ, ಮಾತ್ರ, ಭರ್ಜರಿ ಇವಕ್ಕೆಲ್ಲ ಕೆಂಪು ಗೆರೆ. ಅವನ್ನು ಬೆರಳಿಂದ ಮುಚ್ಚಿ ಮತ್ತೆ ಓದಿ ನೋಡಿ.

"ಭಾರೀ ಮಳೆ" ಅನ್ನುವುದು ಇನ್ನೂ ಸೂಕ್ಷ್ಮ. ನಾವು ಚಹಾ ಅಂಗಡಿಯಲ್ಲಿ ನಿಂತು ಅಂದರೆ ಅದು ಅಭಿಪ್ರಾಯ. ಸಾಗರದವರಿಗೆ ಸಾಧಾರಣ ಅನ್ನಿಸಿದ್ದು ಚಿತ್ರದುರ್ಗದವರಿಗೆ ಭಾರೀ ಇರಬಹುದು. ಹವಾಮಾನ ಇಲಾಖೆ ಅದೇ ಪದ ಬಳಸಿದರೆ ಅದಕ್ಕೆ ಅಳತೆ ಇದೆ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ಅವರ ಲೆಕ್ಕದಲ್ಲಿ ಭಾರೀ. 115.6ರಿಂದ 204.4 ಅತಿ ಭಾರೀ. ಅದರ ಮೇಲೆ ಇನ್ನೊಂದು ಮೆಟ್ಟಿಲು ಇದೆ. ಪದ ಒಂದೇ, ಯಾರ ಬಾಯಿಂದ ಬಂತು ಅನ್ನುವುದರ ಮೇಲೆ ಗೆರೆಯ ಬಣ್ಣ ಬದಲಾಗುತ್ತದೆ.

ಅಂಕಿಗೆ "ಆದ್ದರಿಂದ" ಅಂಟಿಕೊಂಡಾಗ ಇನ್ನೂ ಹುಷಾರಾಗಿರಬೇಕು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಇದಿಷ್ಟು ನೀಲಿ. ಆ ವಾರ ನಮ್ಮ ಬೀದಿಯಲ್ಲಿ ಕೇಳಿದ್ದು, "ಮಕ್ಕಳು ಮೊಬೈಲ್ ಹಿಡಿದು ಹಾಳಾದವು, ಫಲಿತಾಂಶವೇ ಹೇಳ್ತಿದೆ." ಫಲಿತಾಂಶ ಹಾಗೆ ಹೇಳುತ್ತಿರಲಿಲ್ಲ, ನಾವು ಹೇಳುತ್ತಿದ್ದೆವು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದರು, ಅಂದರೆ ಅಲ್ಲಿ ನಡೆಯುವುದನ್ನು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ. ನಕಲು ನಿಂತದ್ದರಿಂದ ಇಳಿಯಿತು ಅಂತ ಕೆಲವರ ವಾದ. ಇದು ಮೊಬೈಲಿನ ವಾದಕ್ಕಿಂತ ಗಟ್ಟಿ ಅನ್ನುವುದು ನನ್ನ ನಂಬಿಕೆ, ಯಾಕೆಂದರೆ ಮೊಬೈಲ್ 2023ರಲ್ಲೂ ಇತ್ತು, ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. ಆದರೂ ನನ್ನದೂ ಕೆಂಪು ಗೆರೆಯೇ. ಎರಡು ಸಂಗತಿ ಅಕ್ಕಪಕ್ಕ ಇವೆ, ಅವನ್ನು ಹೊಲಿದ ದಾರ ನನ್ನದು.

ಒಂದು ಸುದ್ದಿಗೆ ಗೆರೆ ಎಳೆದು ನೋಡೋಣ

ಅವಳಿಗೆ ಅಭ್ಯಾಸಕ್ಕೆ ಅಂತ ನಾನೇ ಒಂದು ಸುದ್ದಿ ಕಟ್ಟಿ ಬರೆದುಕೊಟ್ಟೆ. ದಿನಾ ಬರುವಂಥದ್ದೇ:

"ಮಂಗಳವಾರ ಸಂಜೆ ಸುರಿದ ಭಾರೀ ಮಳೆಗೆ ಪೇಟೆ ಬೀದಿಯಲ್ಲಿ ನೀರು ನುಗ್ಗಿ ಜನ ಪರದಾಡಿದರು. 5ರಿಂದ 7 ಗಂಟೆಯವರೆಗೆ 48 ಮಿ.ಮೀ. ಮಳೆಯಾಗಿದೆ. ಚರಂಡಿಯ ಹೂಳು ತೆಗೆಯದ ನಗರಸಭೆಯ ನಿರ್ಲಕ್ಷ್ಯವೇ ಇದಕ್ಕೆ ಕಾರಣ. ಮುಂದಿನ ಮಳೆಗೂ ಇದೇ ಸ್ಥಿತಿ ಮರುಕಳಿಸಲಿದೆ ಎಂದು ವ್ಯಾಪಾರಿಗಳು ಆತಂಕ ವ್ಯಕ್ತಪಡಿಸಿದರು."

"48 ಮಿ.ಮೀ." ಅವಳು ತಕ್ಷಣ ನೀಲಿ ಮಾಡಿದಳು. "ಭಾರೀ" ಕೆಂಪು ಮಾಡಿದಳು. ದಿನದ ಉಳಿದ ಹೊತ್ತು ಮಳೆ ಇಲ್ಲದಿದ್ದರೆ ಇಲಾಖೆಯ ಅಳತೆಗೆ 48 ಸಾಧಾರಣವೇ. ಅಂದಮಾತ್ರಕ್ಕೆ ಬೀದಿಗೆ ನೀರು ನುಗ್ಗಲಿಲ್ಲ ಅಂತಲ್ಲ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಎರಡೇ ಗಂಟೆಯಲ್ಲಿ ಪ್ರತಿ ಚದರ ಮೀಟರಿಗೆ 48 ಲೀಟರ್ ಬಿದ್ದರೆ ಸಣ್ಣ ಚರಂಡಿ ತಡೆಯುವುದು ಕಷ್ಟ.

ಮೂರನೇ ವಾಕ್ಯ ಪೂರ್ತಿ ಕೆಂಪು ಮಾಡಿ ಮುಂದಕ್ಕೆ ಹೊರಟಳು. ನಾನು ನಿಲ್ಲಿಸಿದೆ. "'ತೆಗೆಯದ' ಅನ್ನೋದನ್ನ ಬಿಡಿಸಿ ಹೇಳು ನೋಡೋಣ." ಸ್ವಲ್ಪ ಹೊತ್ತು ಯೋಚಿಸಿ, "ನಗರಸಭೆ ಹೂಳು ತೆಗೆದಿಲ್ಲ" ಅಂದಳು. ಅದು ಬಿಡಿ ವಾಕ್ಯವಾಗಿ ನಿಂತ ಕೂಡಲೇ ಬಣ್ಣ ಬದಲಾಯಿತು ನೋಡಿ. ತೆಗೆದಿದ್ದಾರೋ ಇಲ್ಲವೋ ಚರಂಡಿ ಹತ್ತಿರ ಹೋದರೆ ಗೊತ್ತಾಗುತ್ತದೆ, ನಗರಸಭೆಯ ಕೆಲಸದ ಪುಸ್ತಕದಲ್ಲಿ ಸಿಗುತ್ತದೆ. ಕನ್ನಡದಲ್ಲಿ ಹೀಗೆ ಹೆಸರಿನ ಹಿಂದೆ ಸಣ್ಣ ಪದವಾಗಿ ಕೂತ ಸಂಗತಿಗಳನ್ನು ನಾವು ಪ್ರಶ್ನೆಯೇ ಕೇಳದೆ ನುಂಗಿಬಿಡುತ್ತೇವೆ. "ಕೆಲಸ ಮಾಡದ ಶಾಸಕ", "ಮಾತು ಕೊಟ್ಟು ತಪ್ಪಿದ ಕಂಪನಿ", "ಜನ ತಿರಸ್ಕರಿಸಿದ ಯೋಜನೆ." ಪ್ರತಿಯೊಂದನ್ನೂ ಬಿಡಿ ವಾಕ್ಯ ಮಾಡಿ. ಆಮೇಲೆ ಕೇಳಿ, ಯಾವ ಕೆಲಸ, ಯಾವ ಮಾತು, ಯಾವ ಜನ?

"ನಿರ್ಲಕ್ಷ್ಯವೇ ಕಾರಣ" ಕೆಂಪು, ಅದರಲ್ಲೂ ಆ "ಏ". ಬೇರೆ ಕಾರಣ ಇಲ್ಲವೇ ಇಲ್ಲ ಅಂತ ಅದೊಂದು ಅಕ್ಷರ ಹೇಳುತ್ತಿದೆ. ಕೊನೆಯ ವಾಕ್ಯದಲ್ಲಿ ಮರುಕಳಿಸುವುದು ಮುಂದಿನ ಮಾತು. ಅದು ಈಗ ನೀಲಿಯೂ ಅಲ್ಲ, ಕೆಂಪೂ ಅಲ್ಲ, ಪೆನ್ಸಿಲ್ ಗೆರೆ ಹಾಕಿ ಬಿಡಿ. "ವ್ಯಾಪಾರಿಗಳು" ಅನ್ನುವುದರ ಮೇಲೂ ಪೆನ್ಸಿಲ್‌ನಲ್ಲಿ "ಎಷ್ಟು ಜನ?" ಅಂತ ಬರೆಯಿರಿ. ಇಬ್ಬರಿದ್ದರೂ ವ್ಯಾಪಾರಿಗಳೇ, ಇನ್ನೂರು ಇದ್ದರೂ ವ್ಯಾಪಾರಿಗಳೇ.

ಮನೆಯವರ ಗ್ರೂಪಿನಲ್ಲಿ

ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಎಲ್ಲರೆದುರು ತಿದ್ದಲು ಹೋದರೆ ಸಂಬಂಧ ಕೆಡುತ್ತದೆ. ನಮ್ಮ ದೊಡ್ಡಪ್ಪನ ಮಗ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಒಂದು ದಿನ ವಾಟ್ಸ್ಆ್ಯಪ್‌ನಲ್ಲಿ ಹಾಕಿದರು: "ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ." ಎಷ್ಟೋ ವರ್ಷದಿಂದ ಸುತ್ತುತ್ತಿರುವ ಸುಳ್ಳು ಇದು. ಯುನೆಸ್ಕೋ ಅಂಥ ಘೋಷಣೆ ಮಾಡಿಲ್ಲ. ನಾನು ಗ್ರೂಪಿನಲ್ಲಿ ಏನೂ ಬರೆಯದೆ ಫೋನ್ ಮಾಡಿದೆ. "ಅಣ್ಣ, ಜನಗಣಮನ ಕೇಳಿದ್ರೆ ನಂಗೂ ಮೈ ಜುಮ್ ಅನ್ನುತ್ತೆ. ಅದಕ್ಕೆ ಯುನೆಸ್ಕೋ ಸರ್ಟಿಫಿಕೇಟ್ ಯಾಕೆ ಬೇಕು? ಆ ಘೋಷಣೆ ಎಲ್ಲಿ ನೋಡಿದ್ರಿ?" ಅಂದೆ. ಹುಡುಕುತ್ತೇನೆ ಅಂದವರು ಸಂಜೆ ಅವರೇ ಅಳಿಸಿದರು.

ಅದರಲ್ಲಿ ನಡೆದದ್ದು ಇಷ್ಟು. "ಅತ್ಯುತ್ತಮ" ಅನ್ನುವುದು ಪ್ರೀತಿಯ ಮಾತು, ಕೆಂಪು. ಅದಕ್ಕೆ ದೊಡ್ಡ ಸಂಸ್ಥೆಯ ಹೆಸರಿನ ನೀಲಿ ಅಂಗಿ ತೊಡಿಸಿದ್ದರು. ಅಂಗಿ ಬಿಚ್ಚಿದರೂ ಪ್ರೀತಿ ಹಾಗೇ ಇರುತ್ತದೆ. ಅದನ್ನು ಹಾಗೇ ಇರಲು ಬಿಟ್ಟು ಕೇಳಿದರೆ ಹಿರಿಯರು ಬೇಸರ ಮಾಡಿಕೊಳ್ಳುವುದಿಲ್ಲ.

ಕೆಂಪು ಗೆರೆ ಅಂದರೆ ತಪ್ಪು ಅಂತ ಅಲ್ಲ. ಅಭಿಪ್ರಾಯ ಇಲ್ಲದೆ ಒಂದು ದಿನ ಬದುಕುವುದಕ್ಕೆ ಆಗುವುದಿಲ್ಲ. ಯಾರಿಗೆ ಓಟು, ಯಾವ ಕಾಲೇಜು, ಯಾವ ಡಾಕ್ಟರು, ಎಲ್ಲ ಅಭಿಪ್ರಾಯವೇ. ಕೆಲವಕ್ಕೆ ಕೆಳಗೆ ಸಂಗತಿಯ ಕಂಬ ಇರುತ್ತದೆ, ಕೆಲವು ಗಾಳಿಯಲ್ಲಿರುತ್ತವೆ. ಕಂಬ ಇದೆಯಾ ಅಂತ ನೋಡಲು "ಯಾಕೆ ಹಾಗನ್ನಿಸುತ್ತೆ?" ಅಂತ ಕೇಳಿ. ಉತ್ತರದಲ್ಲಿ ಒಂದಾದರೂ ನೀಲಿ ವಾಕ್ಯ ಬಂದರೆ ಕೂತು ಮಾತಾಡಬಹುದು.

ಆ ಎರಡು ವಾಕ್ಯಗಳು

ಮೈಸೂರಿನದ್ದು ಬಗೆಹರಿಯಿತು. ಕೇಂದ್ರ ಸರ್ಕಾರದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಲ್ಲಿ ಮೈಸೂರು ಮೊದಲ ಸ್ಥಾನ ಪಡೆಯಿತು. ಅದು ನೀಲಿ. 2017ರಿಂದ ಇಂದೋರ್ ಮುಂದೆ ಬಂತು. ಇಸವಿ ಇಲ್ಲದೆ, ಅಳೆದವರ ಹೆಸರಿಲ್ಲದೆ ಸುಮ್ನೆ "ಅತ್ಯಂತ ಸ್ವಚ್ಛ ನಗರ" ಅಂದರೆ ಹಳೆಯ ಸಂಗತಿಯನ್ನು ಇವತ್ತಿಗೂ ಓಡಿಸಿದ ಹಾಗೆ. ಅವಳು ವಾಕ್ಯದ ಮುಂದೆ "2016ರ ಸರ್ವೇಕ್ಷಣೆಯ ಪ್ರಕಾರ" ಅಂತ ಸೇರಿಸಿ ನೀಲಿ ಗೆರೆ ಎಳೆದಳು.

ಜೋಗದ್ದು ಮಾತ್ರ ಊಟದ ಹೊತ್ತಾದರೂ ಮುಗಿಯಲಿಲ್ಲ. ಎತ್ತರ 253 ಮೀಟರ್, ನೀಲಿ. ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಇದೆ, ಅದು ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟಕ್ಕೆ ತುಂಬುತ್ತಾ ಬಂದು ಗೇಟು ತೆಗೆದರೆ ಜೋಗ ಭೋರ್ಗರೆಯುತ್ತದೆ, ಅದೂ ನೀಲಿ. ಮಳೆಗಾಲದಲ್ಲಿ ನೀರು ಜಾಸ್ತಿ, ಒಪ್ಪಿದೆವು. "ಆದ್ರೆ ಅತ್ತೆ, ಆಗಸ್ಟ್‌ನಲ್ಲಿ ಹೋದಾಗ ಮಂಜು ಮುಚ್ಚಿ ಏನೂ ಕಾಣಲೇ ಇಲ್ವಲ್ಲ, ಬರೀ ಸದ್ದು ಕೇಳ್ತು" ಅಂದಳು. ನನಗೆ ಆ ಸದ್ದೇ ಇಷ್ಟ. ಅವಳಿಗೆ ಕಾಣಬೇಕು. ಕೊನೆಗೆ "ಮಳೆಗಾಲ" ಅನ್ನುವುದರ ಕೆಳಗೆ ನೀಲಿ ಎಳೆದು, "ಸರಿಯಾದ" ಅನ್ನುವುದರ ಕೆಳಗೆ ಕೆಂಪು ಎಳೆದು, ನೋಟ್‌ಬುಕ್ ಮುಚ್ಚಿ ಕೈತೊಳೆಯಲು ಎದ್ದಳು.